ಇಟ್ಟಿಗೆಪುಡಿಯ ಕಣ: ಮಾಂಟೆ ಕಾರ್ಲೊ ಟೆನಿಸ್ ಪಂದ್ಯಾವಳಿಯ ಕಥೆ

ಸಿಂಧನೂರು, ಮಸ್ಕಿ, ಲಿಂಗಸುಗೂರುಗಳ ಎರೆಭೂಮಿಯಲ್ಲಿ ಬೆಳೆದವರಿಗೆ ಮಣ್ಣಿನ ಸ್ವಭಾವವನ್ನು ಯಾರೂ ಹೇಳಿಕೊಡಬೇಕಾಗಿಲ್ಲ. ಮಳೆಗಾಲದಲ್ಲಿ ಅದು ಕಾಲಿಗೆ ಮೆತ್ತಿಕೊಂಡು ಬಿಡಲೊಲ್ಲದು. ಬೇಸಗೆಯಲ್ಲಿ ಎತ್ತಿನ ಗೊರಸು ಸಿಕ್ಕಿಕೊಳ್ಳುವಷ್ಟು ಬಾಯಿ ಬಿಡುತ್ತದೆ. ಒಕ್ಕಣೆಯ ಯಂತ್ರಗಳು ಬರುವುದಕ್ಕೆ ಮುಂಚೆ, ಸುಗ್ಗಿ ಹತ್ತಿರ ಬಂತೆಂದರೆ ಆ ಸೀಮೆಯ ರೈತನು ಮೊದಲು ಕಣದ ಕೆಲಸಕ್ಕೆ ತೊಡಗುತ್ತಿದ್ದನು. ನೆಲವನ್ನು ಕೆತ್ತಿ ಸಮಮಾಡಿ, ನೀರು ಚಿಮುಕಿಸಿ, ಗುಂಡು ಎಳೆಸಿ, ಸಗಣಿ ಸಾರಿಸಿ, ಎಲ್ಲಿಯೂ ಬಿರುಕು ಕಾಣದಂತೆ ನುಣುಪುಗೊಳಿಸಿದ ಮೇಲೆಯೇ ನಡುವೆ ಮೇಟಿ ನೆಟ್ಟು ಹಂತಿ ಹೊಡೆಯುತ್ತಿದ್ದುದು. ಈ ಕೆಲಸವನ್ನು ಕಣ್ಣಾರೆ ಕಂಡವರಿಗೆ, ಮೆಡಿಟರೇನಿಯನ್ ಕಡಲ ದಂಡೆಯ ಮೇಲೆ 1897ರಲ್ಲಿ ಮೊದಲಾದ ಒಂದು ಟೆನಿಸ್ ಪಂದ್ಯಾವಳಿಯ ಮರ್ಮ ಅರ್ಧಕ್ಕರ್ಧ ತಿಳಿದಂತೆಯೇ ಸರಿ. ಅದು ಮಾಂಟೆ ಕಾರ್ಲೊದಲ್ಲಿ ಪ್ರತಿ ವರ್ಷ ವಸಂತಕಾಲದಲ್ಲಿ ಜರುಗುವ ಪುರುಷರ ಪಂದ್ಯಾವಳಿ. ಆಡುವ ನೆಲ ಮಣ್ಣಿನದು.

ಮಣ್ಣಿನದು ಎಂಬುದು ರೂಢಿಯ ಮಾತು. ನಿಜವಾಗಿ ಅದು ಮಣ್ಣೇ ಅಲ್ಲ, ಇಟ್ಟಿಗೆಯ ಪುಡಿ! ಫ್ರಾನ್ಸಿನ ಕಡೆಯ ಒಳ್ಳೆಯ ಅಂಗಳಗಳಲ್ಲಿ ತಳಕ್ಕೆ ಜಲ್ಲಿ, ಅದರ ಮೇಲೆ ಕಲ್ಲಿದ್ದಲಿನ ಕಿಟ್ಟ, ಅದರ ಮೇಲೆ ಅರೆದ ಸುಣ್ಣಕಲ್ಲು, ಎಲ್ಲಕ್ಕೂ ಮೇಲೆ ಕೆಂಪು ಇಟ್ಟಿಗೆಯ ಪುಡಿಯ ತೆಳುವಾದ ಹೊದಿಕೆ. ಆ ಹೊದಿಕೆಯ ದಪ್ಪ ಒಂದೆರಡು ಮಿಲಿಮೀಟರಿಗೆ ಮೀರದು. ನೋಡುವವರ ಕಣ್ಣಿಗೆ ಬೀಳುವ ಕೆಂಪೆಲ್ಲ ಅಷ್ಟರಲ್ಲಿಯೇ ಇದೆ. ದಿನವೂ ಅದಕ್ಕೆ ನೀರುಣಿಸಬೇಕು, ಬಲೆಯೆಳೆದು ಗುಡಿಸಬೇಕು, ಗುಂಡು ಹೊರಳಿಸಬೇಕು. ಒಂದು ದಿನ ಉದಾಸೀನ ಮಾಡಿದರೆ ಗಾಳಿ ಬಂದು ಅಂಗಳವನ್ನೇ ಹೊತ್ತುಕೊಂಡು ಹೋದೀತು.

ಇಂತಹ ನೆಲದ ಮೇಲೆ ಚೆಂಡು ಬಿದ್ದಾಗ ಪುಡಿಯ ಕಣಗಳು ಅದನ್ನು ಕ್ಷಣಮಾತ್ರ ಹಿಡಿದು ಬಿಡುತ್ತವೆ. ಚೆಂಡಿನ ಓಟ ಕುಗ್ಗುತ್ತದೆ, ಪುಟಿತ ಎತ್ತರವಾಗುತ್ತದೆ. ಹುಲ್ಲಿನ ಮೇಲೆ ಒಂದೇ ಏಟಿಗೆ ಮುಗಿಯಬಹುದಾದ ಹೊಡೆತವು ಇಲ್ಲಿ ಎದುರಾಳಿಗೆ ಸಿಕ್ಕಿ ಹಿಂದಿರುಗಿ ಬರುತ್ತದೆ. ಮತ್ತೆ ಹೊಡೆಯಬೇಕು, ಮತ್ತೆ ಬರುತ್ತದೆ. ಬಲಕ್ಕಿಂತ ತಾಳ್ಮೆಗೂ ಉಸಿರಿಗೂ ಬೆಲೆ ಹೆಚ್ಚು. ಜಾರುತ್ತ ಹೋಗಿ ಹೊಡೆದು, ಜಾರಿದಲ್ಲಿಂದಲೇ ತಿರುಗಿ ನಿಲ್ಲುವ ಕಾಲಿನ ಚಮತ್ಕಾರವನ್ನು ಬೇರೆ ನೆಲದಲ್ಲಿ ಆಡಿ ಬೆಳೆದವರು ಮಧ್ಯವಯಸ್ಸಿನಲ್ಲಿ ಕಲಿಯುವುದು ಕಷ್ಟ.

ಈ ಇಟ್ಟಿಗೆಪುಡಿಯ ಉಪಾಯ ಹುಟ್ಟಿದ್ದೂ ಆ ಕರಾವಳಿಯಲ್ಲಿಯೇ ಎಂಬ ಕಥೆ ಟೆನಿಸ್ ಲೋಕದಲ್ಲಿ ಪ್ರಚಲಿತವಾಗಿದೆ. ವಿಂಬಲ್ಡನ್ನಿನಲ್ಲಿ ಏಳು ಬಾರಿ ಗೆದ್ದ ವಿಲಿಯಂ ರೆನ್‌ಷಾ ಮತ್ತು ಅವನ ಸೋದರ ಅರ್ನೆಸ್ಟ್ ಚಳಿಗಾಲ ಕಳೆಯಲು ಕಾನ್ ಪಟ್ಟಣಕ್ಕೆ ಬರುತ್ತಿದ್ದರು. ಅಲ್ಲಿಯ ಬಿಸಿಲಿಗೆ ಹುಲ್ಲು ಒಣಗಿಹೋಗುತ್ತಿತ್ತು. ಸಮೀಪದ ವಲ್ಲೊರಿಸ್ ಎಂಬುದು ಕುಂಬಾರರ ಊರು. ಅಲ್ಲಿ ಒಡೆದ ಮಡಕೆ ಕುಡಿಕೆಗಳಿಗೆ ಬರವಿರಲಿಲ್ಲ. ಆ ಬೋಕಿಗಳನ್ನು ಪುಡಿಮಾಡಿಸಿ ಹುಲ್ಲಿನ ಮೇಲೆ ಹರಡಿಸಿದರಂತೆ. ಇದು 1880ರ ಸುಮಾರಿನ ಮಾತು. ಕುಂಬಾರನ ತಿಪ್ಪೆಯಿಂದ ರಾಜರ ಆಟದ ನೆಲ ಹುಟ್ಟಿತೆಂದರೆ ನಂಬಲು ಕೊಂಚ ಹಿಂಜರಿಕೆಯಾದರೂ ಕಥೆ ಸೊಗಸಾಗಿದೆ.

ಮಾಂಟೆ ಕಾರ್ಲೊ ಇರುವುದು ಮೊನಾಕೊ ಎಂಬ ಪುಟ್ಟ ಸಂಸ್ಥಾನದಲ್ಲಿ. ಅದರ ವಿಸ್ತೀರ್ಣ ಸುಮಾರು 2 ಚದರ ಕಿಲೋಮೀಟರು, ಎಂದರೆ 500 ಎಕರೆಯ ಆಸುಪಾಸು. ಸಿಂಧನೂರಿನ ಕಾಲುವೆ ಬಯಲಿನಲ್ಲಿ ಇದಕ್ಕಿಂತ ಹಿರಿದಾದ ಹಳ್ಳಿಗಳುಂಟು. ಜೂಜುಕಟ್ಟೆಯ ವೈಭವದಿಂದ ಹೆಸರಾದ ಆ ಊರಿಗೆ ಯುರೋಪಿನ ಸಿರಿವಂತರು ಚಳಿಗಾಲದಲ್ಲಿ ಬಂದು ತಂಗುತ್ತಿದ್ದರು. ಅವರ ಹಗಲು ಕಳೆಯುವುದಕ್ಕೆ ಟೆನಿಸ್ ಬೇಕಾಯಿತು. ಮೊದಲ ಅಂಗಳಗಳು ಹೋಟೆಲ್ ದ ಪ್ಯಾರಿಸ್ ಎಂಬ ವಸತಿಗೃಹದ ದ್ರಾಕ್ಷಾರಸದ ನೆಲಮಾಳಿಗೆಗಳ ಮೇಲೆ ಇದ್ದುವು. ಕೆಳಗೆ ಸೀಸೆಗಳ ಸಾಲು, ಮೇಲೆ ಬಿಳಿಯುಡುಪಿನವರ ಓಡಾಟ! 1897ರಲ್ಲಿ ಪಂದ್ಯಾವಳಿ ಆರಂಭವಾದಾಗ ಗೆದ್ದವನು ಇಂಗ್ಲೆಂಡಿನ ರೆಜಿನಾಲ್ಡ್ ಡೊಹರ್ಟಿ. ಮುಂದಿನ ಎರಡು ವರ್ಷಗಳಲ್ಲಿಯೂ ಅವನದೇ ಜಯ. ಬಳಿಕ ಅವನ ತಮ್ಮ ಲಾರೆನ್ಸನ ಸರದಿ. ನ್ಯೂಜಿಲೆಂಡಿನ ಆಂಟನಿ ವೈಲ್ಡಿಂಗ್ 1911ರಿಂದ 1914ರವರೆಗೆ ಸತತವಾಗಿ ನಾಲ್ಕು ಸಲ ಗೆದ್ದನು. ಮರುವರ್ಷ ಮೇ ತಿಂಗಳಲ್ಲಿ ಆತ ಫ್ರಾನ್ಸಿನ ರಣರಂಗದಲ್ಲಿ ಮಡಿದಿದ್ದನು. ಮೊದಲ ಮಹಾಯುದ್ಧವು ಪಂದ್ಯಾವಳಿಯನ್ನೂ ನಿಲ್ಲಿಸಿತು, ಎರಡನೆಯದೂ ಹಾಗೆಯೇ.

ಎರಡು ಯುದ್ಧಗಳ ನಡುವಿನ ಅವಧಿಯಲ್ಲಿ ಅಂಗಳಗಳು ಈಗಿನ ಸ್ಥಳಕ್ಕೆ ಬಂದುವು. ಜಾರ್ಜ್ ಬಟ್ಲರ್ ಎಂಬ ಅಮೆರಿಕದ ಸಿರಿವಂತನ ಒತ್ತಾಸೆಯಿಂದ 1928ರಲ್ಲಿ ಮಾಂಟೆ ಕಾರ್ಲೊ ಕಂಟ್ರಿ ಕ್ಲಬ್ ತೆರೆಯಿತು. ಬೆಟ್ಟದ ಇಳಿಜಾರಿನಲ್ಲಿ ಮೆಟ್ಟಿಲು ಮೆಟ್ಟಿಲಾಗಿ ಕೊರೆದ ಕೆಂಪು ಅಂಗಳಗಳು, ಅವುಗಳ ಕೆಳಗೆ ನೀಲಿಯ ಕಡಲು. ಚಿತ್ರಗಳಲ್ಲಿ ಈ ನೋಟವನ್ನು ಕಾಣದ ಕ್ರೀಡಾಭಿಮಾನಿ ವಿರಳ. ಆದರೆ ಒಂದು ಸ್ವಾರಸ್ಯ: ಮಾಂಟೆ ಕಾರ್ಲೊ ಎಂದು ಹೆಸರಾದ ಈ ಕ್ಲಬ್ಬು ಮಾಂಟೆ ಕಾರ್ಲೊದಲ್ಲಿಲ್ಲ, ಮೊನಾಕೊದಲ್ಲಿಯೂ ಇಲ್ಲ! ಅದು ಗಡಿಯಾಚೆ, ಫ್ರಾನ್ಸಿಗೆ ಸೇರಿದ ರೋಕ್‌ಬ್ರೂನ್ ಕಾಪ್ ಮಾರ್ತಿನ್ ಎಂಬ ಊರಿನ ಎಲ್ಲೆಯೊಳಗಿದೆ.

ಯುದ್ಧದ ತರುವಾಯದ ವಿಜಯಿಗಳಲ್ಲಿ ಇಟಲಿಯ ನಿಕೋಲಾ ಪಿಯೆಟ್ರಾಂಜೆಲಿ ಮೂರು ಬಾರಿ, ರುಮೇನಿಯದ ಇಲಿ ನಸ್ಟಾಸೆ 1971ರಿಂದ ಸತತ ಮೂರು ಬಾರಿ, ಸ್ವೀಡನ್ನಿನ ಬ್ಯೋರ್ನ್ ಬೋರ್ಗ್ ಮೂರು ಬಾರಿ ಗೆದ್ದರು. 1981ರದು ಮಾತ್ರ ವಿಚಿತ್ರ. ಅಂತಿಮ ಪಂದ್ಯದಲ್ಲಿ ಅಮೆರಿಕದ ಜಿಮ್ಮಿ ಕಾನರ್ಸ್ ಮತ್ತು ಅರ್ಜೆಂಟೀನದ ಗಿಲೆರ್ಮೊ ವಿಲಾಸ್ ಮೊದಲ ಸೆಟ್ಟಿನಲ್ಲಿ 5–5ರ ಸಮದಲ್ಲಿದ್ದರು; ಮಳೆ ಬಂದಿತು, ಆಟ ನಿಂತಿತು, ಮತ್ತೆ ಆರಂಭವಾಗಲೇ ಇಲ್ಲ. ಆ ವರ್ಷದ ವಿಜಯಿಯ ಸ್ಥಾನ ಇಂದಿಗೂ ಖಾಲಿ.

ಈ ನೆಲದ ಗುಣವನ್ನು ಒಂದೇ ಪಂದ್ಯದಲ್ಲಿ ನೋಡಬಯಸುವವರು 1995ರ ಅಂತಿಮ ಪಂದ್ಯವನ್ನು ನೆನೆಯಬೇಕು. ಒಂದು ಕಡೆ ಜರ್ಮನಿಯ ಬೋರಿಸ್ ಬೆಕರ್. ಹದಿನೇಳನೆಯ ವಯಸ್ಸಿನಲ್ಲಿ ವಿಂಬಲ್ಡನ್ ಗೆದ್ದ ವೀರ, ಸಿಡಿಲಿನಂತಹ ಸರ್ವ್. ಆದರೆ ಮಣ್ಣಿನ ಮೇಲೆ ಒಂದು ಪಂದ್ಯಾವಳಿಯನ್ನೂ ಗೆದ್ದವನಲ್ಲ. ಇನ್ನೊಂದು ಕಡೆ ಆಸ್ಟ್ರಿಯದ ಥಾಮಸ್ ಮುಸ್ಟರ್. ಹಿಂದಿನ ದಿನ ಉಪಾಂತ್ಯ ಪಂದ್ಯ ಗೆದ್ದ ಕೂಡಲೆ ಮುಸ್ಟರನ ದೇಹದ ನೀರು ಬತ್ತಿ ಆಸ್ಪತ್ರೆಗೆ ಸಾಗಿಸಬೇಕಾಗಿತ್ತು. ಮರುದಿನ ಆತ ಅಂಗಳಕ್ಕೆ ಬರುವನೆಂದೇ ಹಲವರು ನಂಬಿರಲಿಲ್ಲ. ಬಂದನು, ಬಂದು ಮೊದಲ ಎರಡು ಸೆಟ್ಟುಗಳನ್ನು 4–6, 5–7ರಿಂದ ಸೋತನು. ಮೂರನೆಯದನ್ನು 6–1ರಿಂದ ಗೆದ್ದನು. ನಾಲ್ಕನೆಯದು ಟೈಬ್ರೇಕಿಗೆ ಹೋಯಿತು. ಅಲ್ಲಿ ಬೆಕರನಿಗೆ ಎರಡು ಬಾರಿ ಪಂದ್ಯವನ್ನೇ ಮುಗಿಸುವ ಅಂಕ ಕೈಗೆ ಬಂದಿತ್ತು. ಒಂದರಲ್ಲಿ, ನಿಧಾನವಾಗಿ ಚೆಂಡು ಹಾಕಿ ಕಾಯುವುದನ್ನು ಬಿಟ್ಟು, ಎರಡನೆಯ ಸರ್ವನ್ನೂ ಮೊದಲಿನಷ್ಟೇ ರಭಸದಿಂದ ಹೊಡೆದನು. ಚೆಂಡು ಗೆರೆಯೊಳಗೆ ಬೀಳಲಿಲ್ಲ. ಆ ಸೆಟ್ಟು ಕೈಬಿಟ್ಟಿತು. ಐದನೆಯದನ್ನು ಮುಸ್ಟರ್ 6–0ರಿಂದ ಮುಗಿಸಿದನು. ಬೆಕರ್ ಆಟದಿಂದ ನಿವೃತ್ತನಾಗುವವರೆಗೂ ಮಣ್ಣಿನ ಮೇಲಿನ ಪ್ರಶಸ್ತಿ ಅವನಿಗೆ ದಕ್ಕಲಿಲ್ಲ. ತಾಳುವ ಬದಲು ದುಡುಕಿದ್ದೇ ಅವನಿಗೆ ಮುಳುವಾಯಿತೆಂದು ಹೇಳಿದರೆ ಅನ್ಯಾಯವಾಗಲಾರದು.

ಪಂದ್ಯಾವಳಿಗೇ ಕುತ್ತು ಬಂದ ಕಾಲವೂ ಒಂದುಂಟು. 1990ರಿಂದ ಇದು ಪುರುಷರ ವೃತ್ತಿಪರ ಟೆನಿಸ್ಸಿನ ಒಂಬತ್ತು ಹಿರಿಯ ಪಂದ್ಯಾವಳಿಗಳ ಸಾಲಿಗೆ ಸೇರಿತ್ತು. ಆದರೆ ಆಟದ ಆಡಳಿತ ನಡೆಸುವ ಎ.ಟಿ.ಪಿ. ಸಂಸ್ಥೆಯು 2007ರಲ್ಲಿ ಒಂದು ಹೊಸ ಯೋಜನೆ ಹೂಡಿತು. 2009ರಿಂದ ಮಾಂಟೆ ಕಾರ್ಲೊ ಮತ್ತು ಜರ್ಮನಿಯ ಹ್ಯಾಂಬರ್ಗ್ ಎರಡನ್ನೂ ಕೆಳಗಿನ ದರ್ಜೆಗೆ ಇಳಿಸಬೇಕೆಂಬುದೇ ಅದರ ಸಾರ. ಎರಡೂ ಮಣ್ಣಿನ ಅಂಗಳದವು ಎಂಬುದನ್ನು ಗಮನಿಸಬೇಕು. ನಡಾಲ್, ಫೆಡರರ್ ಮೊದಲಾದ ಅಗ್ರ ಆಟಗಾರರಿಗೇ ಇದು ಸರಿದೋರಲಿಲ್ಲ. ಉಭಯ ಪಂದ್ಯಾವಳಿಗಳೂ ನ್ಯಾಯಾಲಯದ ಮೆಟ್ಟಿಲೇರಿದುವು. ಮಾಂಟೆ ಕಾರ್ಲೊದವರು ಅದೇ ವರ್ಷ ರಾಜಿಗೆ ಬಂದರು: ಹಿರಿಯ ದರ್ಜೆ ಉಳಿಯಿತು, ಆದರೆ ಆಟಗಾರರು ಬರಲೇಬೇಕೆಂಬ ಕಡ್ಡಾಯ ಹೋಯಿತು. ಹ್ಯಾಂಬರ್ಗಿನವರು ವ್ಯಾಜ್ಯ ಮುಂದುವರಿಸಿ 2008ರಲ್ಲಿ ಸೋತರು. ಅಂದಿನಿಂದ ಮಾಂಟೆ ಕಾರ್ಲೊಗೆ ಬರುವ ಅಗ್ರಶ್ರೇಣಿಯ ಆಟಗಾರರು ತಾವಾಗಿ ಬಂದವರು, ಬರದಿದ್ದರೆ ಕೇಳುವವರಿಲ್ಲ. ಆದರೂ ಬರುತ್ತಿದ್ದಾರೆ. ದರ್ಜೆಯ ಕಾಗದಕ್ಕಿಂತ ಇದೇ ಹೆಚ್ಚಿನ ಗೌರವವೆಂದು ತೋರುತ್ತದೆ.

ಹಾಗೆ ಬಂದವರಲ್ಲಿ ಸ್ಪೇನಿನ ರಾಫೆಲ್ ನಡಾಲನಿಗೆ ಸಮನಾದವರು ಮತ್ತೊಬ್ಬರಿಲ್ಲ. 2005ರ ಏಪ್ರಿಲಿನಲ್ಲಿ, ಮೊನಾಕೊದ ಅರಸ ಮೂರನೆಯ ರೇನಿಯೆ ತೀರಿಕೊಂಡ ಕೆಲವೇ ದಿನಗಳಲ್ಲಿ, ಹದಿನೆಂಟರ ಹರೆಯದ ಈ ತರುಣ ಮೊದಲ ಬಾರಿ ಗೆದ್ದನು. 2012ರವರೆಗೆ ಎಂಟು ವರ್ಷ ಬೇರೆ ಯಾರಿಗೂ ಎಡೆಗೊಡಲಿಲ್ಲ. ಈ ಒಂದೇ ಊರಿನ ಅಂಗಳದಲ್ಲಿ ಸತತ 46 ಪಂದ್ಯಗಳ ಜಯ! 2013ರ ಅಂತಿಮ ಪಂದ್ಯದಲ್ಲಿ ಜೊಕೊವಿಚ್ ಆ ಸರಪಣಿಯನ್ನು ಕಡಿದನು. ನಡಾಲ್ ಮತ್ತೆ 2016ರಿಂದ 2018ರವರೆಗೆ ಮೂರು ಸಲ ಗೆದ್ದು ಒಟ್ಟು ಹನ್ನೊಂದಕ್ಕೆ ನಿಲ್ಲಿಸಿದನು. 2020ರಲ್ಲಿ ಮಹಾಮಾರಿಯ ದೆಸೆಯಿಂದ ಪಂದ್ಯಾವಳಿಯೇ ನಡೆಯಲಿಲ್ಲ. 2021ರಲ್ಲಿ ಪ್ರೇಕ್ಷಕರಿಲ್ಲದೆ ನಡೆಯಿತು.

ಮಣ್ಣಿನ ಅಂಗಳದ ಒಂದು ಸೊಬಗು ಈಚೆಗೆ ಮರೆಯಾಗಿದೆ. ಚೆಂಡು ಬಿದ್ದಲ್ಲಿ ಕೆಂಪು ಪುಡಿಯ ಮೇಲೆ ಒಂದು ಗುರುತು ಮೂಡುತ್ತದೆ. ಗೆರೆಯ ಒಳಗೋ ಹೊರಗೋ ಎಂಬ ವಿವಾದ ಹುಟ್ಟಿದರೆ ತೀರ್ಪುಗಾರನು ಎತ್ತರದ ಪೀಠದಿಂದ ಇಳಿದು ಬಂದು, ಬಾಗಿ, ಗುರುತಿನತ್ತ ಬೆರಳು ತೋರಿಸಿ ತೀರ್ಪು ಕೊಡುತ್ತಿದ್ದನು. ಮಸ್ಕಿಯ ಬಂಡೆಯ ಮೇಲೆ 1915ರಲ್ಲಿ ಪತ್ತೆಯಾದ ಅಶೋಕನ ಅಕ್ಷರಗಳು ಎರಡು ಸಾವಿರ ವರ್ಷಕ್ಕೂ ಮೀರಿ ಬಾಳಿದುವು. ಈ ಚೆಂಡಿನ ಬರಹವೋ, ಆಟಗಾರನೊಬ್ಬನ ಪಾದ ಸೋಕುವವರೆಗೆ. ಆದರೂ ಅದನ್ನು ಓದುವ ವಿದ್ಯೆಯಲ್ಲಿ ಪಳಗಿದ ತೀರ್ಪುಗಾರರಿದ್ದರು. 2025ರಿಂದ ಎ.ಟಿ.ಪಿ. ಪಂದ್ಯಾವಳಿಗಳಲ್ಲೆಲ್ಲ ಗೆರೆಯ ತೀರ್ಪನ್ನು ಯಂತ್ರದ ಕಣ್ಣುಗಳಿಗೆ ಒಪ್ಪಿಸಲಾಯಿತು. ಗುರುತು ಎಂದಿನಂತೆ ಮೂಡುತ್ತದೆ. ಅದರ ಸಾಕ್ಷ್ಯ ಮಾತ್ರ ಲೆಕ್ಕಕ್ಕಿಲ್ಲ.

ಈ ಚರಿತ್ರೆಯಲ್ಲಿ ಕನ್ನಡನಾಡಿನ ಪಾಲೂ ಇದೆ. ಬೆಂಗಳೂರಿನಲ್ಲಿ ನೆಲೆ ಕಂಡ ಮಹೇಶ್ ಭೂಪತಿ 2003ರಲ್ಲಿ ಬೆಲಾರುಸಿನ ಮ್ಯಾಕ್ಸ್ ಮಿರ್ನಿಯೊಡನೆ ಜೋಡಿ ಆಟದ ಪ್ರಶಸ್ತಿ ಗೆದ್ದರು. 2017ರ ಏಪ್ರಿಲಿನಲ್ಲಿ ಕೊಡಗಿನ ರೋಹನ್ ಬೋಪಣ್ಣ ಉರುಗ್ವೆಯ ಪಾಬ್ಲೊ ಕುಯೆವಾಸನ ಜೊತೆಗೂಡಿ ಅದೇ ಪ್ರಶಸ್ತಿಯನ್ನು ತಂದರು. ಕಾಫಿತೋಟದ ಮನೆತನದ ಬೋಪಣ್ಣ ಎತ್ತರದ ಆಳು, ಭರ್ಜರಿ ಸರ್ವಿಗೆ ಹೆಸರಾದವರು. ನಿಧಾನದ ನೆಲ ಅವರ ಆಟಕ್ಕೆ ಒಗ್ಗಬೇಕಾದ ನೆಲವಲ್ಲ. ಎದುರಿಗಿದ್ದವರು ಸ್ಪೇನಿನ ಫೆಲಿಸಿಯಾನೊ ಲೋಪೆಜ್ ಮತ್ತು ಮಾರ್ಕ್ ಲೋಪೆಜ್. ಹೆಸರು ಒಂದೇ ಆದರೂ ಅಣ್ಣತಮ್ಮಂದಿರಲ್ಲ. ಮೊದಲ ಸೆಟ್ಟು 6–3 ಬೋಪಣ್ಣನ ಜೋಡಿಗೆ, ಎರಡನೆಯದು 3–6 ಎದುರಾಳಿಗಳಿಗೆ, ನಿರ್ಣಾಯಕ ಟೈಬ್ರೇಕು 10–4. ಮುಂದೆ ಎರಡು ತಿಂಗಳೊಳಗೆ ಪ್ಯಾರಿಸ್ಸಿನಲ್ಲಿ, ಅದೇ ಬಗೆಯ ಕೆಂಪು ನೆಲದ ಮೇಲೆ, ಕೆನಡಾದ ಗೇಬ್ರಿಯೆಲಾ ದಬ್ರೊವ್‌ಸ್ಕಿಯೊಡನೆ ಫ್ರೆಂಚ್ ಓಪನ್ನಿನ ಮಿಶ್ರ ಜೋಡಿ ಪ್ರಶಸ್ತಿಯೂ ಬೋಪಣ್ಣರದಾಯಿತು. ಅವರು 2025ರ ನವೆಂಬರಿನಲ್ಲಿ ವೃತ್ತಿಪರ ಆಟಕ್ಕೆ ವಿದಾಯ ಹೇಳಿದರು.

ಏಕಾಂಗಿ ಆಟದಲ್ಲಿ ಮಾತ್ರ ಭಾರತದವರಿಗೆ ಈ ನೆಲ ಬಹುಕಾಲ ಒಲಿಯಲಿಲ್ಲ. ಕಾರಣವನ್ನು ದೂರ ಹುಡುಕಬೇಕಾಗಿಲ್ಲ. ಸಗಣಿ ಸಾರಿಸಿದ ಟೆನಿಸ್ ಅಂಗಳಗಳು ಒಂದು ಕಾಲಕ್ಕೆ ದಕ್ಷಿಣದ ಹಳೆಯ ಕ್ಲಬ್ಬುಗಳಲ್ಲಿ ಇದ್ದುವು. ಅವನ್ನು ದಿನವೂ ಸಾರಿಸಿ ಸಲಹುವುದಕ್ಕೆ ಆಳೂ ಬೇಕು, ವ್ಯವಧಾನವೂ ಬೇಕು. ಬಣ್ಣ ಬಳಿದ ಗಟ್ಟಿ ಅಂಗಳಕ್ಕೆ ಆ ಉಪಚಾರ ಬೇಡ. ಬೆಂಗಳೂರಿನ ಕಬ್ಬನ್ ಉದ್ಯಾನದಲ್ಲಿ ನಡೆಯುವ ಅಂತರರಾಷ್ಟ್ರೀಯ ಪಂದ್ಯಾವಳಿ ಬೆಂಗಳೂರು ಓಪನ್ನಿನದೂ ಗಟ್ಟಿ ನೆಲವೇ.

1982ರಲ್ಲಿ ರಮೇಶ್ ಕೃಷ್ಣನ್ ಆಡಿದ ಬಳಿಕ ಮಾಂಟೆ ಕಾರ್ಲೊದ ಮುಖ್ಯ ಸುತ್ತಿನಲ್ಲಿ ಭಾರತೀಯನೊಬ್ಬನು ಕಾಣಿಸಿಕೊಳ್ಳಲು 42 ವರ್ಷ ಹಿಡಿಯಿತು. ಬಾಲ್ಯದಲ್ಲಿ ಮಹೇಶ್ ಭೂಪತಿಯವರ ಯೋಜನೆಯಲ್ಲಿ ಆಯ್ಕೆಯಾಗಿ ಬೆಂಗಳೂರಿನಲ್ಲಿ ಪಳಗಿದ ಹರಿಯಾಣದ ಸುಮಿತ್ ನಾಗಲ್ 2024ರಲ್ಲಿ ಅರ್ಹತಾ ಪಂದ್ಯಗಳನ್ನು ದಾಟಿ ಬಂದರು. ಮೊದಲ ಸುತ್ತಿನಲ್ಲಿ ಇಟಲಿಯ ಮತ್ತೆಯೊ ಆರ್ನಾಲ್ದಿಗೆ ಮೊದಲ ಸೆಟ್ಟನ್ನು 5–7ರಿಂದ ಬಿಟ್ಟುಕೊಟ್ಟರು. ಮುಂದಿನ ಎರಡನ್ನು 6–2, 6–4ರಿಂದ ಗೆದ್ದರು. ಈ ದರ್ಜೆಯ ಪಂದ್ಯಾವಳಿಯಲ್ಲಿ ಮಣ್ಣಿನ ಮೇಲೆ ಭಾರತೀಯನೊಬ್ಬನು ಗಳಿಸಿದ ಮೊದಲ ಏಕಾಂಗಿ ಜಯ ಅದು. ಎರಡನೆಯ ಸುತ್ತಿನಲ್ಲಿ ಎದುರಾದವನು ಹಿಂದಿನ ವರ್ಷದ ಅಂತಿಮ ಪಂದ್ಯದಲ್ಲಿ ಆಡಿದ್ದ ಡೆನ್ಮಾರ್ಕಿನ ಹೋಲ್ಗರ್ ರೂನ. ಮಳೆ ಬಂದು ಆಟ ನಿಂತಿತು. ಆದರೆ 1981ರಂತೆ ಅರ್ಧಕ್ಕೇ ಉಳಿಯಲಿಲ್ಲ. ಅಂಗಳ ಒಣಗಿದ ಮೇಲೆ ಮರುದಿನ ಮುಂದುವರಿದು ಮೂರನೆಯ ಸೆಟ್ಟಿನವರೆಗೂ ಸಾಗಿತು. 6–3, 3–6, 6–2ರಿಂದ ರೂನ ಗೆದ್ದನು.