ಪಾರ್ಥೇನಿಯಂ ಕಸವೂ ಚರ್ಮದ ಸ್ಮೃತಿಯೂ

ಗಜೇಂದ್ರಗಡದ ಸುತ್ತಣ ಹೊಲಗಳ ಬದುಗಳಲ್ಲಿ ಬೆಳೆಯುವ ಪಾರ್ಥೇನಿಯಂ, ಎಂದರೆ ಜನರು ಕಾಂಗ್ರೆಸ್ ಕಸವೆಂದು ಕರೆಯುವ ಗಿಡ, ಈ ನೆಲದ್ದಲ್ಲ, ಅಮೆರಿಕ ಖಂಡದ್ದು. 1950ರ ದಶಕದಲ್ಲಿ ಪುಣೆಯಲ್ಲಿ ಗುರುತಿಸಲ್ಪಟ್ಟ ಮೇಲೆ ಅದು ದೇಶದ ತುಂಬ ಹಬ್ಬಿತು. ಇದನ್ನು ಕೀಳುವ ಕೂಲಿಕಾರರಲ್ಲಿ ಕೆಲವರಿಗೆ ಮುಖ, ಕುತ್ತಿಗೆ, ಮೊಳಕೈಗಳಲ್ಲಿ ಇಸಬು ಏಳುತ್ತದೆ. ಜೊತೆಯಲ್ಲಿ ದುಡಿದ ಹಲವರಿಗೆ ಏನೂ ಆಗದು. ಇದೇಕೆ?

ಗಿಡದಲ್ಲಿರುವ ಪಾರ್ಥೇನಿನ್ ಎಂಬ ದ್ರವ್ಯವು ಚರ್ಮದ ಪ್ರೋಟೀನುಗಳೊಡನೆ ಕೂಡಿಕೊಳ್ಳುತ್ತದೆ. ಚರ್ಮದ ಕಾವಲು ಜೀವಕೋಶಗಳು ಅದನ್ನು ದುಗ್ಧಗ್ರಂಥಿಗೆ ಒಯ್ದು ಟಿ ಜೀವಕೋಶಗಳಿಗೆ ಪರಿಚಯಿಸುತ್ತವೆ. ಆಗ ಹೊರಗೆ ಸಾಮಾನ್ಯವಾಗಿ ಏನೂ ಕಾಣದು, ಒಳಗೆ ಸ್ಮೃತಿಯುಳಿಯುತ್ತದೆ. ಮತ್ತೆ ಸ್ಪರ್ಶವಾದಾಗ ಒಂದೆರಡು ದಿನಗಳಲ್ಲಿ ಉರಿಯೂತ ತೋರುತ್ತದೆ. ಇಂಥ ಸಂವೇದನೆಯು ರಕ್ತರಸದಿಂದಲ್ಲ, ಜೀವಕೋಶಗಳಿಂದಲೇ ಒಂದು ಪ್ರಾಣಿಯಿಂದ ಮತ್ತೊಂದಕ್ಕೆ ದಾಟುವುದೆಂದು ಲ್ಯಾಂಡ್‌ಸ್ಟೈನರ್ ಮತ್ತು ಚೇಸ್ 1942ರಲ್ಲಿ ಗಿನಿಯಿಲಿಗಳಲ್ಲಿ ತೋರಿಸಿದರು.

ಕೆರಳಿಸುವ ಜೀವಕೋಶಗಳಿರುವಂತೆ ತಡೆಯುವವೂ ಇವೆ. ಇಂಥ ನಿಯಂತ್ರಕ ಟಿ ಜೀವಕೋಶಗಳನ್ನು ಸಕಾಗುಚಿ ಮತ್ತು ಸಂಗಡಿಗರು 1995ರಲ್ಲಿ ಇಲಿಗಳಲ್ಲಿ ಗುರುತಿಸಿದರು. ಇವು ಇಂಟರ್‌ಲ್ಯೂಕಿನ್-10 ಮುಂತಾದ ದ್ರವ್ಯಗಳಿಂದ ಉರಿಯೂತವನ್ನು ಹದಗೊಳಿಸುತ್ತವೆ. ಇಲಿಗಳಲ್ಲಿ ಇವನ್ನು ತೆಗೆದರೆ ಸ್ಪರ್ಶಪ್ರತಿಕ್ರಿಯೆಯು ಹೆಚ್ಚು ತೀವ್ರವೂ ದೀರ್ಘವೂ ಆಗುತ್ತದೆ.

ಆದುದರಿಂದ ಈ ವ್ಯಾಧಿಯಲ್ಲಿ ಕಸದ ಗುಣವೊಂದೇ ಕಾರಣವಲ್ಲ. ದೇಹದ ಕೆರಳಿಕೆ ಮತ್ತು ತಡೆಗಳ ಸಮತೋಲವೂ ಕಾರಣ. ಒಮ್ಮೆ ಬೇರೂರಿದ ಸ್ಮೃತಿಯನ್ನು ಅಳಿಸುವುದು ಕಷ್ಟ. ಕೂಲಿಯನ್ನೇ ನಂಬಿದವನು ಹೊಲವನ್ನು ಬಿಡಲಾರನು. ಕೈಗವಸು, ಮೈಮುಚ್ಚುವ ಉಡುಪು, ಹೂವಾಗುವ ಮೊದಲೇ ಕಸವನ್ನು ಕೀಳುವುದು, ಇವೇ ಅವನ ಮೊದಲ ರಕ್ಷೆ.