ಕಂಕುಳಲ್ಲಿ ಕೂಸು, ಕೈಯಲ್ಲಿ ಕೆಲಸ

ಚನ್ನಗಿರಿಯ ಸುತ್ತಮುತ್ತ ಅಡಿಕೆಯ ಕೊಯ್ಲು ಆರಂಭವಾಯಿತೆಂದರೆ ಬೆಳೆಗಾರರ ಅಂಗಳಗಳಿಗೆ ಬಿಡುವಿಲ್ಲ. ಹಸಿ ಅಡಿಕೆಯ ರಾಶಿಯ ಸುತ್ತ ಕುಳಿತ ಹೆಂಗಸರು ಕತ್ತಿಯಿಂದ ಸಿಪ್ಪೆ ಬಿಡಿಸುತ್ತಾರೆ. ಸುಲಿದಷ್ಟಕ್ಕೆ ಕೂಲಿ. ಹಾಲುಣ್ಣುವ ಕೂಸಿನ ತಾಯಿಗೂ ಅಲ್ಲಿ ಜಾಗವುಂಟು; ಬೇಡವೆನ್ನುವವರಿಲ್ಲ. ಆದರೆ ಕೂಸು ಅತ್ತಾಗಲೆಲ್ಲ ಕತ್ತಿ ನಿಲ್ಲುತ್ತದೆ; ಕತ್ತಿ ನಿಂತಷ್ಟು ಹೊತ್ತು ಕೂಲಿಯೂ ನಿಲ್ಲುತ್ತದೆ. ಈಗ ಸುಲಿಯುವ ಯಂತ್ರಗಳೂ ಬಂದಿವೆ. ಕೂಸನ್ನು ಮಗ್ಗುಲಲ್ಲಿ ಮಲಗಿಸಿಕೊಂಡು ಮಾಡಬಹುದಾಗಿದ್ದ ಆ ಕೆಲಸವೂ ಕಡಿಮೆಯಾಗುತ್ತಿದೆ.

ದಾವಣಗೆರೆ ಜಿಲ್ಲೆಯ ಉಳಿದ ಕಡೆಗಳಲ್ಲಿ ಕೆಲಸ ಬೇರೆ, ಕಷ್ಟ ಒಂದೇ. ಹೊನ್ನಾಳಿಯ ಗದ್ದೆಗಳಲ್ಲಿ ನಾಟಿ ಮಾಡುವವಳು ದಿನವಿಡೀ ಕೆಸರಿನಲ್ಲಿ ಬಾಗಿ ನಿಲ್ಲಬೇಕು; ಬದುವಿನ ಮೇಲಿನ ಕೂಸಿಗೆ ನೆರಳಿಲ್ಲ. ನ್ಯಾಮತಿಯ ಮೆಕ್ಕೆಜೋಳದ ಹೊಲದಲ್ಲಿ ಕಳೆ ಕೀಳುವವಳ ಪಾಡೂ ಅದೇ. ಬರಕ್ಕೆ ಹೆಸರಾದ ಜಗಳೂರಿನ ಸೀಮೆಯಲ್ಲಿ ಮಳೆ ಕೈಕೊಟ್ಟ ವರ್ಷ ಜನ ಗುಳೆ ಹೊರಡುತ್ತಾರೆ. ಆಗ ಎಳೆಗೂಸಿನ ತಾಯಿ ಕೂಲಿ ಬಿಟ್ಟು ಊರಿನಲ್ಲಿ ಉಳಿಯಬೇಕು, ಇಲ್ಲವೆ ಕೂಸನ್ನು ಕಟ್ಟಿಕೊಂಡು ಕಾಣದ ಊರಿಗೆ ನಡೆಯಬೇಕು.

ಇದು ಹಳ್ಳಿಯ ಮಾತೆಂದು ಪಟ್ಟಣದ ಗೃಹಿಣಿಯರು ಭಾವಿಸಬೇಕಾಗಿಲ್ಲ. 2023ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಪಾರಿತೋಷಕ ಪಡೆದ ಅಮೆರಿಕದ ವಿದುಷಿ ಕ್ಲಾಡಿಯಾ ಗೋಲ್ಡಿನ್ ತೋರಿಸಿಕೊಟ್ಟದ್ದೂ ಇದನ್ನೇ. ಶ್ರೀಮಂತ ದೇಶಗಳಲ್ಲಿಯೂ ಇಂದು ಗಂಡುಹೆಣ್ಣುಗಳ ಸಂಪಾದನೆಯ ಅಂತರ ಬಹುಮಟ್ಟಿಗೆ ಹಿಗ್ಗುವುದು ಮೊದಲ ಮಗು ಹುಟ್ಟಿದ ಮೇಲೆ. ನಮ್ಮ ದೇಶದಲ್ಲಿ 2019ರಲ್ಲಿ ನಡೆದ ಸಮಯ ಬಳಕೆಯ ಸಮೀಕ್ಷೆಯ ಪ್ರಕಾರ ಮನೆಗೆಲಸ ಮಾಡುವ ಹೆಂಗಸು ಅದಕ್ಕಾಗಿ ದಿನಕ್ಕೆ 299 ನಿಮಿಷಗಳನ್ನು ಕೊಡುತ್ತಾಳೆ. ಗಂಡಸು ಕೊಡುವುದು 97 ನಿಮಿಷ. ಕೂಲಿಗೆ ಹೊರಡುವ ಮೊದಲೇ ಅವಳ ಅರ್ಧ ದಿನದ ದುಡಿಮೆ ಮುಗಿದಿರುತ್ತದೆ.

ಕಾನೂನು ಸುಮ್ಮನೆ ಕುಳಿತಿಲ್ಲ. 1961ರ ಹೆರಿಗೆ ಸೌಲಭ್ಯ ಕಾಯಿದೆಯಡಿ 12 ವಾರಗಳಿದ್ದ ಸಂಬಳಸಹಿತ ರಜೆ, 2017ರ ತಿದ್ದುಪಡಿಯಿಂದ ಮೊದಲೆರಡು ಮಕ್ಕಳಿಗೆ 26 ವಾರಗಳಾಯಿತು. ಐವತ್ತು ಮಂದಿ ದುಡಿಯುವಲ್ಲಿ ಶಿಶುಗೃಹವಿರಬೇಕೆಂದೂ ವಿಧಿಸಲಾಯಿತು. ಆದರೆ ಹಾಜರಿ ಪುಸ್ತಕವೇ ಇಲ್ಲದ ಅಡಿಕೆಯ ಅಂಗಳದಲ್ಲಿ ರಜೆ ಕೊಡುವವರು ಯಾರು? 2005ರ ಉದ್ಯೋಗ ಖಾತರಿ ಕಾಯಿದೆ ಮಾತ್ರ ಒಂದು ದಾರಿ ತೋರಿತ್ತು: ಕೆಲಸದ ಜಾಗದಲ್ಲಿ ಆರು ವರ್ಷದೊಳಗಿನ ಐದು ಮಕ್ಕಳಿದ್ದರೆ, ಅವರನ್ನು ನೋಡಿಕೊಳ್ಳಲು ಒಬ್ಬ ಹೆಂಗಸಿಗೆ ಕೂಲಿ ಕೊಟ್ಟು ನೇಮಿಸಬೇಕಾಗಿತ್ತು. 2023ರಲ್ಲಿ ರಾಜ್ಯ ಸರ್ಕಾರ 4,000 ಗ್ರಾಮ ಪಂಚಾಯಿತಿಗಳಲ್ಲಿ ‘ಕೂಸಿನ ಮನೆ’ಗಳನ್ನು ತೆರೆಯುವುದಾಗಿ ಸಾರಿತು.

ಕೂಸಿನ ಮನೆಯ ಅಗತ್ಯ ಏಕೆಂಬುದನ್ನು ಅರಿಯುವುದು ಕಷ್ಟವಲ್ಲ. ಅಂಗನವಾಡಿಯ ಶಾಲಾಪೂರ್ವ ಪಾಠ ಮೂರು ವರ್ಷ ತುಂಬಿದವರಿಗೆ. ಅದಕ್ಕೆ ಮೊದಲು ಕೂಸನ್ನು ಆಡಿಸುವವರು ಅಜ್ಜಿ. ಅಜ್ಜಿಯಿಲ್ಲದಿದ್ದರೆ ಹಿರಿಯ ಮಗಳು. ತಾಯಿ ಕೂಲಿಗೆ ಹೋದ ದಿನ ಆ ಹುಡುಗಿಗೆ ಶಾಲೆಯಿಲ್ಲ. ಓದು ತಪ್ಪಿದವಳಿಗೆ ಮುಂದೆ ಸಿಗುವುದೂ ತಾಯಿಯ ಕೂಲಿಯೇ. ಹೀಗೆ ಒಂದು ಕೂಸಿನ ಆರೈಕೆಯ ಸಾಲವನ್ನು ಇಬ್ಬರು ಹೆಣ್ಣುಮಕ್ಕಳು ತೀರಿಸುತ್ತಾರೆ.

ತಾಯಿಯನ್ನು ದೇವರೆಂದು ಹೊಗಳುವುದಕ್ಕೆ ಖರ್ಚಿಲ್ಲ. ಅವಳ ಕೂಸಿಗೆ ನೆರಳು, ಹಾಲು, ನೋಡಿಕೊಳ್ಳುವ ಒಂದು ಜೀವ ಇಷ್ಟನ್ನು ಒದಗಿಸುವುದಕ್ಕೆ ಖರ್ಚುಂಟು. ಆ ಖರ್ಚನ್ನು ಊರು ಹೊತ್ತರೆ ತಾಯಿ ದುಡಿದಾಳು, ಮಗಳು ಓದಿಯಾಳು.