ಗಡಿ ದಾಟದ ಜಾತಿ ಪ್ರಮಾಣಪತ್ರ

ವಿಜಯಪುರ ಜಿಲ್ಲೆಯ ತಾಂಡಾದಲ್ಲಿ ಬೆಳೆದ ಲಂಬಾಣಿ ಹುಡುಗ ಕರ್ನಾಟಕದಲ್ಲಿ ಪರಿಶಿಷ್ಟ ಜಾತಿಯವನು. ಸೊಲ್ಲಾಪುರದ ಕಡೆ ಕೊಟ್ಟ ಸೋದರತ್ತೆಯ ಮಗ ಮಹಾರಾಷ್ಟ್ರದ ಪಟ್ಟಿಯಲ್ಲಿ 'ವಿಮುಕ್ತ ಜಾತಿ'. ತೆಲಂಗಾಣದಲ್ಲಿರುವ ನೆಂಟರ ಮಗ ಪರಿಶಿಷ್ಟ ಪಂಗಡ. ಮೂವರೂ ಮನೆಯಲ್ಲಿ ಆಡುವುದು ಒಂದೇ ಗೋರ್‌ಬೋಲಿ, ಕೈಮುಗಿಯುವುದು ಒಬ್ಬರೇ ಸೇವಾಲಾಲರಿಗೆ. ವಡ್ಡರ ಕತೆಯೂ ಇಂಥದ್ದೇ. ಕರ್ನಾಟಕದಲ್ಲಿ ಭೋವಿ ಎಂದು ಪರಿಶಿಷ್ಟ ಜಾತಿ, ಮಹಾರಾಷ್ಟ್ರದಲ್ಲಿ ವಿಮುಕ್ತ ಜಾತಿ.

ಸಂವಿಧಾನದ 341 ಮತ್ತು 342ನೇ ವಿಧಿಗಳ ಪ್ರಕಾರ ರಾಷ್ಟ್ರಪತಿಗಳು ಈ ಪಟ್ಟಿಗಳನ್ನು ಆಯಾ ರಾಜ್ಯಕ್ಕೆ ಸಂಬಂಧಿಸಿದಂತೆ ಹೊರಡಿಸುತ್ತಾರೆ. ಓದುವಾಗ ಸಾಮಾನ್ಯವಾಗಿ ಕಾಣುವ ಈ ಮಾತೇ ಹೊರನಾಡಿಗೆ ದುಡಿಯಲು ಬಂದ ನಮ್ಮ ದಲಿತ ಕುಟುಂಬಗಳಿಗೆ ಗೋಡೆಯಾಗಿ ನಿಂತಿದೆ. ವಿಜಯಪುರ, ಕಲಬುರಗಿ, ರಾಯಚೂರು ಕಡೆಯಿಂದ ಬಂದು ಬೆಳಿಗ್ಗೆ ನಾಕಾದಲ್ಲಿ ಕೂಲಿಗೆ ನಿಲ್ಲುವವರು, ಮುಂಬಯಿ ಪುಣೆಯ ಕಟ್ಟಡಗಳಿಗೆ ಇಟ್ಟಿಗೆ ಹೊತ್ತವರು ಇವರು. ಮಗ ಹನ್ನೆರಡನೆಯ ತರಗತಿ ಮುಗಿಸಿ ಕಾಲೇಜಿನ ಬಾಗಿಲಿಗೆ ಹೋದಾಗಲೇ ಮನೆಯವರಿಗೆ ವಿಷಯ ತಿಳಿಯುವುದು: ಇಲ್ಲಿಯ ರಾಜ್ಯ ಕೋಟಾದಲ್ಲಿ ಅವನು ಪರಿಶಿಷ್ಟನಲ್ಲ.

ಈ ನಿಯಮ ಗಟ್ಟಿಯಾದದ್ದು ಮುಂಬಯಿಯ ಮೊಕದ್ದಮೆಯೊಂದರಲ್ಲೇ. ಆಂಧ್ರದ ತೆನಾಲಿಯಲ್ಲಿ ಹುಟ್ಟಿದ ಹುಡುಗ. ತಂದೆಗೆ ಪರಿಶಿಷ್ಟ ಪಂಗಡದ ಮೀಸಲಾತಿಯಲ್ಲಿ ಕೇಂದ್ರದ ಉದ್ದಿಮೆಯಲ್ಲಿ ನೌಕರಿ. ಒಂಬತ್ತನೆಯ ವಯಸ್ಸಿಗೆ ಮುಂಬಯಿಗೆ ಬಂದು ಇಲ್ಲೇ ಓದಿದವನು ವೈದ್ಯಕೀಯ ಸೀಟು ಕೇಳಿದಾಗ 'ನೀನು ಇಲ್ಲಿಯ ಪಂಗಡದವನಲ್ಲ' ಎಂದರು. ಮರ್ರಿ ಚಂದ್ರಶೇಖರ ರಾವ್ ಪ್ರಕರಣ ಎಂದೇ ಹೆಸರಾದ ಇದರಲ್ಲಿ 1990ರಲ್ಲಿ ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ ಅದನ್ನೇ ಎತ್ತಿಹಿಡಿಯಿತು. 1994ರಲ್ಲಿ ಮಹಾರಾಷ್ಟ್ರದ ವಲಸಿಗರ ಕ್ರಿಯಾ ಸಮಿತಿಯೊಂದು ಹೋರಾಡಿದಾಗಲೂ ಉತ್ತರ ಬದಲಾಗಲಿಲ್ಲ.

ನ್ಯಾಯಾಲಯದ ವಾದವನ್ನು ತಳ್ಳಿಹಾಕುವಂತಿಲ್ಲ. ಒಂದು ಜಾತಿ ಒಂದು ನಾಡಿನಲ್ಲಿ ತುಳಿತಕ್ಕೆ ಸಿಕ್ಕಿರಬಹುದು, ಇನ್ನೊಂದು ಕಡೆ ಹಾಗಿರದೆ ಇರಬಹುದು. ಹೊರಗಿನವರಿಗೆ ಬಾಗಿಲು ತೆರೆದರೆ ಸ್ಥಳೀಯ ಬಡವನ ಪಾಲು ಕಡಿಮೆಯಾಗುತ್ತದೆ. ಇದು ನಿಜವಾದ ಆತಂಕ. ಆದರೆ ಮೂವತ್ತು ನಲವತ್ತು ವರ್ಷ ಇಲ್ಲೇ ಬದುಕಿ, ಇಲ್ಲೇ ಮಕ್ಕಳನ್ನು ಹೆತ್ತವರನ್ನೂ ಹೊರಗಿನವರೆಂದೇ ಎಣಿಸಬೇಕೆ? ಮಹಾರಾಷ್ಟ್ರದಲ್ಲಿ ಪರಿಶಿಷ್ಟ ಜಾತಿಯ ಪತ್ರ ಬೇಕಾದರೆ ಕುಟುಂಬ 1950ರ ಆಗಸ್ಟ್ 10ಕ್ಕೂ ಮೊದಲೇ ಇಲ್ಲಿತ್ತೆಂದು ತೋರಿಸಬೇಕು. ವಿಮುಕ್ತ ಜಾತಿಗೆ ಆ ಗಡುವು 1961. 1972ರ ಬರಗಾಲದಲ್ಲಿ ಗುಳೆ ಬಂದವನ ಮೊಮ್ಮಗ ಎಲ್ಲಿಂದ ತಂದಾನು ಅಂಥ ಕಾಗದ?

ಹಾಗಾದರೆ ಕರ್ನಾಟಕಕ್ಕೇ ಹೋಗಲಿ ಎನ್ನಬಹುದು. ಅಲ್ಲಿ ವೃತ್ತಿಶಿಕ್ಷಣದ ಸರ್ಕಾರಿ ಸೀಟಿಗೆ ಮುಖ್ಯ ದಾರಿ, ಏಳು ವರ್ಷ ರಾಜ್ಯದಲ್ಲೇ ಓದಿರಬೇಕು ಎಂಬುದು. ಬೇರೆ ಕಲಮುಗಳೂ ಇವೆ. ಆದರೆ ಅವುಗಳನ್ನು ಓದಿ, ದಾಖಲೆ ಹೊಂದಿಸಿ ಅರ್ಜಿ ಹಾಕುವುದು ನಾಕಾದಲ್ಲಿ ನಿಲ್ಲುವ ತಂದೆಯ ಕೈಲಾಗುವ ಕೆಲಸವಲ್ಲ.

ಇದೇ ಗೆರೆ ಒಂದು ಕಾಲಕ್ಕೆ ಕರ್ನಾಟಕದ ಒಳಗೂ ಇತ್ತು ಎಂಬುದನ್ನು ಅನೇಕರು ಮರೆತಿದ್ದಾರೆ. ಹಳೆ ಮೈಸೂರಿನ ಲಂಬಾಣಿ ಪರಿಶಿಷ್ಟ, ಬಿಜಾಪುರದವನು ಅಲ್ಲ. 1976ರ ತಿದ್ದುಪಡಿ ಕಾಯ್ದೆ ಈ ಪ್ರಾದೇಶಿಕ ನಿರ್ಬಂಧ ತೆಗೆದ ಮೇಲೆ ಪಟ್ಟಿ ಇಡೀ ರಾಜ್ಯಕ್ಕೆ ಒಂದಾಯಿತು. ಸಂಸತ್ತು ಮನಸ್ಸು ಮಾಡಿದರೆ ಗೆರೆ ಅಳಿಸುತ್ತದೆ ಎಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಕಿಲ್ಲ.

2018ರ ಬೀರ್ ಸಿಂಗ್ ತೀರ್ಪಿನಲ್ಲಿ ಸುಪ್ರೀಂ ಕೋರ್ಟು ರಾಜ್ಯಗಳ ಮಟ್ಟಿಗೆ ಹಳೆಯ ನಿಲುವನ್ನೇ ಉಳಿಸಿಕೊಂಡಿತು. ದೆಹಲಿಯ ಸೇವೆಗಳಿಗೆ ಮಾತ್ರ ಎಲ್ಲ ರಾಜ್ಯದವರಿಗೂ ಮೀಸಲಾತಿ ಸಲ್ಲುತ್ತದೆ ಎಂದಿತು. ದೆಹಲಿ ಕನ್ನಡಿಗರಿಗೆ ಸಿಕ್ಕಿದ್ದು ಮುಂಬಯಿ, ಚೆನ್ನೈನವರಿಗೆ ಇಲ್ಲ. ಇನ್ನೊಂದು ವಿಚಿತ್ರ ನೋಡಿ. 2023ರಲ್ಲಿ ಬಾಂಬೆ ಹೈಕೋರ್ಟಿನ ಪೂರ್ಣಪೀಠ, ದೌರ್ಜನ್ಯ ತಡೆ ಕಾಯ್ದೆಯ ರಕ್ಷಣೆ ದೇಶದ ಯಾವ ಮೂಲೆಯಲ್ಲಿದ್ದರೂ ಪರಿಶಿಷ್ಟರಿಗೆ ಉಂಟು ಎಂದು ಹೇಳಿತು. ಅಂದರೆ ಅವಮಾನ ಗಡಿ ದಾಟಿ ಬರುತ್ತದೆ ಎಂಬುದನ್ನು ಕಾನೂನು ಒಪ್ಪಿದೆ. ಅವಕಾಶ ಮಾತ್ರ ಹುಟ್ಟೂರಿನಲ್ಲೇ ಉಳಿಯುತ್ತದೆ.

ನಮ್ಮ ಸಂಘ ಸಂಸ್ಥೆಗಳಲ್ಲಿ ಈ ಮಾತು ಏಳುವುದೇ ಅಪರೂಪ. ಮುಂಬಯಿಯಲ್ಲಿ ಸಭಾಗೃಹ ಕಟ್ಟಿದವರು ಹೆಚ್ಚಾಗಿ ಹೊಟೇಲು, ಬ್ಯಾಂಕು, ವ್ಯಾಪಾರದಲ್ಲಿ ಮೇಲೆ ಬಂದವರು. ನಾಕಾದ ಕನ್ನಡಿಗ ರಾಜ್ಯೋತ್ಸವದ ದಿನ ಕುರ್ಚಿ ಜೋಡಿಸಲು ಬರುತ್ತಾನೆ, ಸದಸ್ಯರ ಪಟ್ಟಿಯಲ್ಲಿ ಇರುವುದಿಲ್ಲ. ಕಟುವಾಯಿತು ಅನ್ನಿಸಿದರೂ ಹೇಳಲೇಬೇಕಾದ ಮಾತು.

ಕಾಯ್ದೆ ಬದಲಾಗುವ ತನಕ ಕೈಲಾಗುವ ಕೆಲಸವೂ ಇದೆ. ಐಐಟಿ, ಕೇಂದ್ರೀಯ ವಿಶ್ವವಿದ್ಯಾಲಯ, ರೈಲ್ವೆ, ರಾಷ್ಟ್ರೀಕೃತ ಬ್ಯಾಂಕುಗಳಲ್ಲಿ ಕರ್ನಾಟಕದ ಪ್ರಮಾಣಪತ್ರ ಎಲ್ಲಿದ್ದರೂ ನಡೆಯುತ್ತದೆ. ತಂದೆಯ ಮೂಲ ಜಾತಿ ಪತ್ರವಿದ್ದರೆ ಅದರ ಆಧಾರದ ಮೇಲೆ ನೆಲೆಸಿದ ರಾಜ್ಯದ ಅಧಿಕಾರಿಯೂ ಮಕ್ಕಳಿಗೆ ವಲಸಿಗರ ಪತ್ರ ಕೊಡಬಹುದು. ತೊಡಕು ಬರುವುದು ತಂದೆಯೇ ಶಾಲೆಗೆ ಹೋಗಿರದಿದ್ದಾಗ. ಆಗ ಯಾರಾದರೂ ಊರಿಗೆ ಹೋಗಿ ತಹಶೀಲ್ದಾರ್ ಕಚೇರಿಯಲ್ಲಿ ನಾಲ್ಕು ದಿನ ಕೂರಬೇಕು, ಮತ್ತು ನಾಲ್ಕು ದಿನದ ಕೂಲಿ ಬಿಡಬೇಕು. ಸಂಘವೊಂದು ಪ್ರತಿ ವರ್ಷ ಮೇ ತಿಂಗಳಲ್ಲಿ, ಫಲಿತಾಂಶ ಬರುವ ಹೊತ್ತಿಗೆ, ಹತ್ತು ಮನೆಯ ಪರವಾಗಿ ಒಬ್ಬನನ್ನು ವಿಜಯಪುರಕ್ಕೆ ಕಳಿಸಿದರೂ ಹತ್ತು ಮಕ್ಕಳ ಅರ್ಜಿ ಹೊತ್ತಿಗೆ ಸರಿಯಾಗಿ ಸೇರುತ್ತದೆ.